ಸಮುದ್ರ ಒಲ್ಲೆನೆಂದ ಕಾಯಿ

ಅಟ್ಟದಿಂದ ಇಳಿಸಿದ ನೀಲಿ ಬ್ಯಾಗಿನ ತಳದಲ್ಲಿ ಒಂದು ಹಿಡಿ ಪುಡಿ ಸಿಕ್ಕಿತು. ಬೂದು ಎಂದರೆ ಬೂದು, ಕಂದು ಎಂದರೆ ಕಂದು. ನಾನು ಅದನ್ನು ಸಮುದ್ರದ ಮರಳು ಎಂದೆ. ನನ್ನ ಹೆಂಡತಿ ಬಗ್ಗಿ ನೋಡಿ, "ರಾಗಿ ಹಿಟ್ಟು ಕಣ್ರೀ, ಹುಳ ತಿಂದೈತೆ" ಅಂದಳು. ಚೂರು ನಾಲಗೆಗೆ ಹಚ್ಚಿಕೊಂಡೆ. ಹಲ್ಲಿಗೆ ಕರಕರ ಅಂತು. ನೋಡು, ಮರಳೇ ಎಂದು ಗೆದ್ದವನ ಮುಖ ಮಾಡಿದೆ. ಆದರೆ ಮದ್ದೂರಿನ ನಮ್ಮ ಬೀದಿಯ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟನ್ನು ಉಂಡವರಿಗೆ ಗೊತ್ತು, ಅದೂ ಹಲ್ಲಿಗೆ ಕರಕರವೇ.

ಇಂಥ ಅನುಮಾನ ನನಗೆ ಹೊಸದಲ್ಲ. ನೆನಪು ಎನ್ನುವುದು ಅಚ್ಚುಕಟ್ಟಾಗಿ ಮಡಚಿಟ್ಟ ಬಟ್ಟೆಯಂತೆ ಕೈಗೆ ಸಿಕ್ಕಾಗಲೆಲ್ಲ, ಇದನ್ನು ಮಡಚಿಟ್ಟವರು ಯಾರು ಎಂದು ಹಿಂದೆ ತಿರುಗಿ ನೋಡುವ ಚಟ ನನ್ನದು. ಆದರೂ ಒಂದು ನೆನಪನ್ನು ಮಾತ್ರ ನಾನು ಈ ವರ್ಷದ ಯುಗಾದಿಯವರೆಗೆ ಅನುಮಾನಿಸಿರಲಿಲ್ಲ. ಬ್ಯಾಗು ಅದಕ್ಕೇ ಸಂಬಂಧಪಟ್ಟದ್ದು.

ಬ್ಯಾಗು ಇಳಿಸಿದ್ದು ಸಿಂಚನಳಿಗಾಗಿ. ಅವಳು ನನ್ನ ಗೆಳೆಯ ನಿಂಗರಾಜುವಿನ ಒಬ್ಬಳೇ ಮಗಳು. ಮಂಡ್ಯದಲ್ಲಿ ಡಿಗ್ರಿಯ ಕೊನೆಯ ವರ್ಷ. ಪರೀಕ್ಷೆ ಮುಗಿದ ಮೇಲೆ ಗೆಳತಿಯೊಬ್ಬಳ ಜೊತೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಮಹಾಬಲಿಪುರಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಮಹಾಬಲಿಪುರವೇ ಯಾಕೆ ಎಂದರೆ, ಅವಳಪ್ಪನೂ ನಾನೂ ಅದೇ ವಯಸ್ಸಿನಲ್ಲಿ, ಅಂಥದೇ ಪರೀಕ್ಷೆ ಮುಗಿಸಿ, ಅಲ್ಲಿಗೇ ಹೋಗಿದ್ದೆವು. ಆ ಕಥೆ ಕೇಳುತ್ತಲೇ ಬೆಳೆದವಳು ಅವಳು. ಅವಳಮ್ಮ ಜಯಮ್ಮನಿಗೂ ಆ ಕಥೆ ಗೊತ್ತು. ಗೊತ್ತಿರುವುದರಿಂದಲೇ ಕಳಿಸುವುದಿಲ್ಲ ಎನ್ನುತ್ತಿದ್ದಳು. ಯಾಕೆಂದರೆ ಆ ಕಥೆಯಲ್ಲಿ ಒಬ್ಬ ಮುಳುಗುತ್ತಾನೆ, ಇನ್ನೊಬ್ಬ ಎತ್ತುತ್ತಾನೆ.

ಯುಗಾದಿಯ ಮರುದಿನ ಹೊಸತೊಡಕಿನ ಊಟಕ್ಕೆ ಬರುವಾಗ ಬ್ಯಾಗು ತನ್ನಿ ಎಂದು ಸಿಂಚನ ಫೋನು ಮಾಡಿದ್ದಳು. "ಬ್ಯಾಗ್ ಜೊತೆ ಬಾಯೂ ತನ್ನಿ ಮಾವ. ಅಮ್ಮನ ಹತ್ರ ನೀವೇ ಮಾತಾಡ್ಬೇಕು."

ಬೆನ್ನಿಗೆ ಬ್ಯಾಗು ಹಾಕಿಕೊಂಡು ಊರೂರು ಅಲೆಯುವುದನ್ನು ನಾವು ಕಲಿತದ್ದು ಶ್ರೀರಂಗಪಟ್ಟಣದಲ್ಲಿ ಕಂಡ ವಿದೇಶಿಯರಿಂದ. ಬಿಸಿಲಿಗೆ ಕೆಂಪಗಾದ ಮೂಗು, ಹೆಗಲಿಗಿಂತ ಎತ್ತರದ ಬ್ಯಾಗು. ಇಷ್ಟು ದೊಡ್ಡ ಬ್ಯಾಗಿನಲ್ಲಿ ಏನಿಟ್ಟುಕೊಂಡಿರುತ್ತಾರೆ ಎಂಬುದೇ ನಮಗೆ ಕುತೂಹಲ. ನಾವು ಮಂಡ್ಯದ ಪೇಟೆ ಬೀದಿಯಲ್ಲಿ ಇಬ್ಬರಿಗೂ ಸೇರಿ ಒಂದೇ ಬ್ಯಾಗು ಕೊಂಡೆವು. ಹಾಗಾಗಿ ಬೆನ್ನಿಗೆ ಬ್ಯಾಗಿದ್ದವನು ಆ ಹೊತ್ತಿನ ಪ್ರವಾಸಿ, ಇನ್ನೊಬ್ಬ ಅವನ ನೆಂಟ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಮಾರಕೆ ಬಂದಿದ್ದೀಯಪ್ಪ?" ಎಂದು ಕೇಳಿದಳು. ನಿಂಗರಾಜು ನನಗಿಂತ ಮೊದಲು ಬಾಯಿ ಹಾಕಿ, "ಬುದ್ಧಿ ಕಣಜ್ಜಿ. ಯಾರೂ ಕೊಳ್ತಾ ಇಲ್ಲ" ಅಂದ.

ಅಥವಾ ಆಗ ಬ್ಯಾಗು ಅವನ ಬೆನ್ನ ಮೇಲಿತ್ತು, ಆ ಮಾತು ಹೇಳಿದವನು ನಾನು. ಇಷ್ಟು ವರ್ಷ ನಾನು ಹೇಳಿದ್ದು ಎಂದೇ ನಾಲ್ಕಾರು ಕಡೆ ಹೇಳಿಕೊಂಡಿದ್ದೇನೆ. ಈಗ ಬರೆಯಲು ಕೂತಾಗ ಆ ಧ್ವನಿ ಅವನದೇ ಅನ್ನಿಸಿತು.

ಬ್ಯಾಗಿನಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ, ಎರಡು ಟವೆಲ್ಲು, ಮುದ್ದೆ ಇಲ್ಲದೆ ಬದುಕುವುದು ಹೇಗೆ ಎಂಬ ಭಯಕ್ಕೆ ಒಂದು ಚೀಲ ರಾಗಿ ಹಿಟ್ಟು. ಹಿಟ್ಟಿನ ಚೀಲ ರೈಲಿನಲ್ಲೇ ಒಡೆಯಿತು. ಚೆನ್ನೈನಲ್ಲಿ ಇಳಿದು ಸಮುದ್ರದ ಪಕ್ಕದ ದಾರಿ ಹಿಡಿದು ಬಸ್ಸಿನಲ್ಲಿ ಹೋಗುವಾಗ ನಮ್ಮ ಅಂಗಿಗಳು ಮಿಲ್ಲಿನವನ ಅಂಗಿಯ ಹಾಗಿದ್ದವು. ಬ್ಯಾಗಿನಲ್ಲಿ ಇದೆಲ್ಲದರ ಜೊತೆಗೆ ಒಂದು ತೆಂಗಿನಕಾಯಿ. ನಿಂಗರಾಜುವಿನ ಅವ್ವ ಕೊಟ್ಟದ್ದು. "ಮೊದಲ್ನೇ ಸಲ ಸಮುದ್ರ ನೋಡ್ತಾ ಇದ್ದೀಯ. ಬರಿ ಕೈಲಿ ನೋಡಬ್ಯಾಡ. ಗಂಗಮ್ಮಂಗೆ ಈ ಕಾಯಿ ಬುಡು" ಎಂದಿದ್ದಳು. ಶಿಂಷಾ ಹೊಳೆಗೆ, ನಾಲೆಗೆ ನಮ್ಮ ಕಡೆ ಹೀಗೆ ಕಾಯಿ ಬಿಡುವುದುಂಟು. ಕಾಯಿ ತೇಲಿಕೊಂಡು ಹೋಗುತ್ತದೆ, ನಾವು ಕೈಮುಗಿದು ಬರುತ್ತೇವೆ.

ಮಹಾಬಲಿಪುರ ಆಗ ಸಣ್ಣ ಊರು. ಎಲ್ಲಿ ನಿಂತರೂ ಕಲ್ಲು ಕುಟ್ಟುವ ಸದ್ದು, ಅದರ ಹಿಂದೆ ಅಲೆಯ ಸದ್ದು. ಬಂಡೆಗಳಲ್ಲಿ ಗುಡಿ ಕೊರೆದಿದ್ದರು. ಕೆಲವನ್ನು ಅರ್ಧ ಕೊರೆದು ಬಿಟ್ಟಿದ್ದರು; ಸಿಂಹದ ಮುಖ ಬಂದಿದೆ, ಕಾಲು ಇನ್ನೂ ಬಂಡೆಯೊಳಗೇ ಇದೆ. ನಿಂಗರಾಜು ಅದರ ಮುಂದೆ ಬಹಳ ಹೊತ್ತು ನಿಂತು, "ಗುತ್ತಿಗೆದಾರ ಓಡೋಗವ್ನೆ ಕಣ್ಲಾ" ಎಂದು ತೀರ್ಮಾನ ಕೊಟ್ಟ. ದಡದ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಪೂಜಾರಿ ಎಲ್ಲಿ ಎಂದು ಹುಡುಕಿದ. ಶಿವನ ಗುಡಿಯಿರುವ ವೈದ್ಯನಾಥಪುರದ ಪಕ್ಕದ ಹಳ್ಳಿಯಲ್ಲಿ ಬೆಳೆದವನಿಗೆ ಹಳೆಯ ಗುಡಿ ಎಂದರೆ ಮಂಗಳಾರತಿ ಇರಲೇಬೇಕು. ಪೂಜೆಯೇ ಇಲ್ಲ ಎಂದು ಗೊತ್ತಾದಾಗ ಅವನ ಮುಖ ಬಾಡಿತು. "ಇಷ್ಟು ವರ್ಸದಿಂದ ಉಪಾಸ ಮಡಗವ್ರಲ್ಲೋ" ಅಂದ. ಕಾಯಿಯನ್ನು ಅಲ್ಲೇ ಒಡೆಯೋಣವೇ ಎಂಬ ಯೋಚನೆ ಅವನಿಗೆ ಬಂದದ್ದು ನಿಜ. ಆದರೆ ಅವ್ವ ಹೇಳಿದ್ದು ಗಂಗಮ್ಮನಿಗೆ.

ಗುಡಿಯಿಂದ ಅಷ್ಟು ದೂರ ನಡೆದು ಕಾಯಿಯನ್ನು ಸಮುದ್ರಕ್ಕೆ ಬಿಟ್ಟ. ಕೈಮುಗಿದು ಕಣ್ಣು ಬಿಡುವಷ್ಟರಲ್ಲಿ ಅದು ಅವನ ಕಾಲ ಬಳಿ ಇತ್ತು.

ಮತ್ತೆ ಎಸೆದ. ಮತ್ತೆ ಬಂತು. ನಾಲೆಯ ನೀರು ಕಂಡವರಿಗೆ ಇದು ಅರ್ಥವಾಗುವ ಸಂಗತಿಯಲ್ಲ. ನಮ್ಮ ನೀರಿಗೆ ಒಂದು ದಿಕ್ಕಿದೆ. ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತದೆ. ಈ ನೀರು ವಿಳಾಸ ತಪ್ಪಿದವರಂತೆ ಬಂದು ಹೋಗಿ ಮಾಡುತ್ತಿತ್ತು.

"ಒಲ್ಲೆ ಅಂತೈತೆ ಕಣ್ಲಾ" ಎಂದ ನಿಂಗರಾಜು. ಅವನು ನಗುತ್ತಿರಲಿಲ್ಲ. "ವಾಪಸ್ ತಗಂಡೋದ್ರೆ ಅವ್ವ ಏನಂದಾಳು? ಅಲೆ ಆಚೆಗೆ ಬುಟ್ಟು ಬತ್ತೀನಿ ತಡಿ."

ಸೊಂಟಕ್ಕೆ ಟವೆಲ್ಲು ಬಿಗಿದುಕೊಂಡೇ ನೀರಿಗಿಳಿಯುವುದು ನಾಲೆಯಲ್ಲಿ ಈಜು ಕಲಿತವರ ರೂಢಿ. ಹಾಗೇ ಇಳಿದ. ಹಿಂದೆಯೇ ನಾನೂ ಇಳಿದೆ, ಅವನನ್ನು ಗೇಲಿ ಮಾಡಲು. ಎದೆಮಟ್ಟದ ನೀರಿನಲ್ಲಿ ಇಬ್ಬರ ಕಾಲಡಿಯ ಮರಳೂ ಜಾರಿತು. ಚಿಕ್ಕಂದಿನಲ್ಲಿ ಒಣ ಸೋರೆ ಬುರುಡೆ ಕಟ್ಟಿ ನಾಲೆಗೆ ಇಳಿಸುವಾಗ ನನ್ನ ಅಪ್ಪ ಹೇಳಿಕೊಟ್ಟದ್ದು ಒಂದೇ ಪಾಠ: ನೀರಿಗೆ ಎದುರೀಜಬೇಡ, ಅದು ಹೋದ ಕಡೆ ಹೋಗು, ಮುಂದೆ ಸೇತುವೆಯೋ ಮೆಟ್ಟಿಲೋ ಸಿಕ್ಕೇ ಸಿಗುತ್ತದೆ. ನಾನು ಬಂಗಾಳ ಕೊಲ್ಲಿಯಲ್ಲಿ ಸೇತುವೆಗಾಗಿ ಕಾದೆ.

ಆಮೇಲಿನದು ನನಗೆ ಗಾಜಿನಷ್ಟು ಸ್ಪಷ್ಟ. ನನ್ನ ಕಾಲಿಗೆ ನೆಲ ಸಿಕ್ಕಿತು. ನಿಂಗರಾಜುವಿಗೆ ಸಿಗಲಿಲ್ಲ. ಅವನ ಮೀಸೆಯ ಮೇಲೆ ನೊರೆ, ಕಣ್ಣು ಇಷ್ಟಗಲ. ಸೊಂಟದ ಟವೆಲ್ಲು ಬಿಚ್ಚಿ ಒಂದು ತುದಿ ಎಸೆದೆ. ಅವನು ಹಿಡಿದ. ಟವೆಲ್ಲು ಹುರಿಯ ಹಾಗೆ ಬಿಗಿಯಿತು. ಎಳೆದೆ. ಇಬ್ಬರೂ ಮರಳಿನ ಮೇಲೆ ಮೀನಿನ ಹಾಗೆ ಬಿದ್ದುಕೊಂಡೆವು. ಕಾಯಿ ನಮಗಿಂತ ಮೊದಲೇ ದಡಕ್ಕೆ ಬಂದಿತ್ತು.

ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಅನುಮಾನ ಬರಬೇಕಾಗಿದ್ದದ್ದು ಅಲ್ಲೇ.

ಊರಿಗೆ ಬಂದ ಮೇಲೆ ಕಥೆ ಹೇಳಿದಾಗಲೆಲ್ಲ, ಎತ್ತಿದವನು ಯಾರು ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ನೀರಿನಿಂದ ಒಬ್ಬರನ್ನು ಎತ್ತಿದವನು 'ಎತ್ತಿದೆ' ಎಂದು ಬಾಯಿಬಿಡಬಾರದು, ಬಿಟ್ಟರೆ ನೀರು ಮತ್ತೆ ಬಂದು ಆ ಜೀವವನ್ನು ಕೇಳುತ್ತದೆ ಎನ್ನುವುದು ನಮ್ಮ ಮನೆಗಳ ಹಿರಿಯರ ಮಾತು. ಜೀವ ಉಳಿದವನು ಮಾತ್ರ ಹಬ್ಬಹುಣ್ಣಿಮೆಯಲ್ಲಿ ನೆನೆಸಿಕೊಳ್ಳಬೇಕು. ನಿಂಗರಾಜು ನೆನೆಸಿಕೊಳ್ಳುತ್ತಿದ್ದ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನನ್ನನ್ನು ಊಟಕ್ಕೆ ಕರೆಯುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಬಡಿಸಿ, ಸಾರಿನೊಳಗಿನ ನಲ್ಲಿಮೂಳೆಯನ್ನು ತಾನೇ ಹುಡುಕಿ ಹಾಕುತ್ತಿದ್ದ. ಆ ಮೂಳೆಯನ್ನು ಹೀರುವಾಗ ನಾನು ಬಹಳ ದೊಡ್ಡ ಮನಸ್ಸಿನವನಂತೆ ಸುಮ್ಮನಿರುತ್ತಿದ್ದೆ.

ನಾನೇನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಹೊಸತೊಡಕಿನ ಬೆಳಿಗ್ಗೆ ನಮ್ಮ ಬೀದಿಯವರೆಲ್ಲ ಸೇರಿ ಕುರಿ ಕೊಯ್ದು ಎಲೆಗಳ ಮೇಲೆ ಗುಡ್ಡೆ ಹಾಕುತ್ತಾರೆ. ನನ್ನ ಪಾಲಿನ ಗುಡ್ಡೆ ಬಾಡನ್ನು ಸ್ಕೂಟರಿಗೆ ನೇತುಹಾಕಿಕೊಂಡು ಅವನ ಹಳ್ಳಿಗೆ ಹೋಗುತ್ತಿದ್ದೆ. ಈ ವರ್ಷ ಬಾಡಿನ ಜೊತೆ ಬ್ಯಾಗು.

ಹಜಾರದಲ್ಲಿ ತಟ್ಟೆ ಇಟ್ಟಿದ್ದರು. ನಿಂಗರಾಜು ಕೆಲಸ ಮಾಡುವ ಗೆಜ್ಜಲಗೆರೆಯ ಫ್ಯಾಕ್ಟರಿಗೆ ರಜೆ, ಅವನು ಹೊಸ ಪಂಚೆಯಲ್ಲಿದ್ದ. ಸಿಂಚನ ಬ್ಯಾಗನ್ನು ತಬ್ಬಿಕೊಂಡು ಗೋಡೆಗೊರಗಿ ಕೂತಳು. ಜಯಮ್ಮ ಮುದ್ದೆಯ ಪಾತ್ರೆ ತಂದು ಇಟ್ಟಳು, ಆದರೆ ಮುಚ್ಚಳ ತೆಗೆಯಲಿಲ್ಲ.

"ಅಣ್ಣ, ಉಣ್ಣಕ್ ಮುಂಚೆ ಒಂದ್ ಮಾತು. ಇವತ್ತು ಬಾಯ್ಬುಡಬೇಕು ನೀವು. ಆವತ್ತು ಮುಳುಗಿದೋರು ಯಾರು, ಎತ್ತಿದೋರು ಯಾರು?"

"ಅದ್ಯಾಕವ್ವ ಈಗ?" ಎಂದೆ.

"ಇವಳಪ್ಪ ಎತ್ತಿದೋನಾದ್ರೆ ಇವಳಿಗೂ ನೀರಿನ್ ಗ್ಯಾನ ಐತೆ ಅನ್ಕತೀನಿ. ಕಳುಸ್ತೀನಿ. ಮುಳುಗಿದೋನಾದ್ರೆ ಅದೇ ರಕ್ತ. ಸಮುದ್ರ ಅಲ್ಲ, ಕೆರೆ ಏರಿ ಮ್ಯಾಲೂ ಬುಡಕಿಲ್ಲ."

"ಅಮ್ಮ, ನಾನು ಹೋಗ್ತಿರೋದು ಕಲ್ಲು ನೋಡಕ್ಕೆ, ನೀರಿಗಲ್ಲ" ಎಂದಳು ಸಿಂಚನ.

"ಇವರೂ ಕಲ್ಲು ನೋಡಕೇ ಓಗಿದ್ದು."

ನಾನು ನಿಂಗರಾಜುವನ್ನು ನೋಡಿದೆ. ಅವನೇ ಒಪ್ಪಿಕೊಳ್ಳಲಿ, ನಾನು ಹೇಳಿದರೆ ಚೆನ್ನಾಗಿರುವುದಿಲ್ಲ. ಅವನೂ ನನ್ನನ್ನೇ ನೋಡುತ್ತಿದ್ದ.

"ಯೋಳ್ಲಾ" ಎಂದ.

"ನೀನೇ ಹೇಳ್ಲಾ."

ಅವನು ನನ್ನ ಮಂಡಿ ತಟ್ಟಿ, ಮಗುವಿಗೆ ಹೇಳುವ ಹಾಗೆ, "ನಾಚ್ಕೆ ಏನೈತ್ಲಾ ಇದ್ರಲ್ಲಿ? ನೀರು ಯಾರ್ನ ಬುಟ್ಟೈತೆ? ಮುಳುಗ್ತಿದ್ದೆ, ಇವ್ನು ಎಳ್ಕಂಡ ಅಂತ ಯೋಳು. ಮುಗೀತು" ಅಂದ.

ಅಕ್ಷರಕ್ಕಕ್ಷರ ನಾನು ಅವನಿಗೆ ಹೇಳಬೇಕೆಂದು ಬಾಯಿ ತೆರೆದಿದ್ದ ಮಾತು.

"ಯಾರ್ಲಾ ಮುಳುಗಿದ್ದು? ನಾನಾ? ನಾನು ಟವೆಲ್ಲು ಎಸೆದೆ ಕಣ್ಲಾ ನಿಂಗೆ!"

"ನೀನು ಎಸೆದ್ಯಾ? ಟವೆಲ್ಲು ನಂದು! ಹಸುರಂಚಿಂದು! ನಿನ್ ಕಣ್ಣು ಮ್ಯಾಕ್ ಸಿಕ್ಕಂಡಿತ್ತು, ಬಾಯಿ ಕೆರೆ ಮೀನಿನ್ ಬಾಯಾಗಿತ್ತು. ಅಲ್ಲಾ, ವರ್ಸ್ವರ್ಸ ಬಾಡು ಹೊತ್ಕಂಡು ಬತ್ತೀಯಲ್ಲ, ಅದ್ಯಾಕ್ ಬತ್ತೀಯ ಅನ್ಕಂಡಿದ್ದೆ ನಾನು?"

"ನೀನು ನಲ್ಲಿಮೂಳೆ ಹಾಕ್ತೀಯಲ್ಲ, ಅದ್ಯಾಕೆ ಅಂದ್ಕೊಂಡಿದ್ದೆ ನಾನು?"

"ಪಾಪ, ಜೀವ ಉಳ್ಸಿದ್ದಕ್ಕೆ ಇಷ್ಟು ದೂರ ಹೊತ್ಕಂಡು ಬತ್ತನಲ್ಲ, ತಿನ್ನಲಿ ಅಂತ ಹಾಕ್ತಿದ್ದೆ!"

ಇಷ್ಟು ವರ್ಷಗಳ ಬಾಡೂ ಮೂಳೆಯೂ ನನ್ನ ಕಣ್ಣ ಮುಂದೆ ಎದುರುಬದುರಾಗಿ ಹಾದು ಹೋದವು. ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದ ಪ್ರತಿ ಸಲವೂ ಅವನೂ ಎದುರಿಗೆ ಕೂತು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದ.

ಜಯಮ್ಮ ಸೌಟು ಎತ್ತಿಕೊಂಡು ಕೇಳಿದಳು. "ಇಬ್ರೂ ಎತ್ತಿದ್ರೆ ಮುಳುಗಿದ್ದು ಯಾರು? ತೆಂಗಿನಕಾಯಾ?"

ಸಿಂಚನ ನಗಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅವಳ ಟಿಕೆಟ್ಟು, ಅವಳಿಗಾಗಿ ಕಾಯುತ್ತಿದ್ದ ಗೆಳತಿ, ಎಲ್ಲವೂ ನಮ್ಮ ಜಗಳದ ಮೇಲೆ ನಿಂತಿತ್ತು. ನನ್ನದೊಂದು ನೆನಪು ಹೋದರೆ ಹೋಗಲಿ ಎಂದುಕೊಂಡೆ.

"ಸರಿ ಕಣಮ್ಮ ಜಯಮ್ಮ" ಎಂದೆ. "ಸುಳ್ಳ್ಯಾಕೆ? ನಿಂಗರಾಜುನೇ ನನ್ನ ಎತ್ತಿದ್ದು. ಮಗಳನ್ನ ಕಳಿಸು."

ಅವನ ಮುಖ ಅರಳಬೇಕಿತ್ತು. ಅರಳಿತು ಕೂಡ. ಆಮೇಲೆ 'ಮಗಳನ್ನ ಕಳಿಸು' ಎಂಬ ಆ ಮಾತಿನ ಕೊನೆ ಅವನಿಗೆ ತಲುಪಿತು. ಮಗಳ ಕಡೆ ನೋಡಿದ. ಎದೆಮಟ್ಟದ ಆ ನೀರು, ಜಾರಿದ ಆ ಮರಳು ಅವನ ಕಣ್ಣಲ್ಲಿ ಬಂದು ಹೋದದ್ದು ನನಗೆ ಕಂಡಿತು.

"ಇಲ್ಲ ಜಯಾ" ಎಂದ, ಮೆತ್ತಗೆ. "ಇವ್ನು ಸ್ನೇಹಕ್ಕೆ ಯೋಳ್ತಾವ್ನೆ. ಮುಳುಗಿದ್ದು ನಾನು. ಇವ್ನೇ ನನ್ನ ಎಳ್ಕಂಡಿದ್ದು."

"ಈಗಷ್ಟೇ ಹಸುರಂಚಿನ ಟವೆಲ್ಲು ನಂದು ಅಂದ್ಯಲ್ಲೋ!"

"ಟವೆಲ್ಲು ನಂದೇ. ನಿನ್ ಕೈಲಿತ್ತು. ನೀನೇ ಎತ್ತಿದ್ದು ಕಣ್ಲಾ!"

"ನೀನೇ ಎತ್ತಿದ್ದು ಕಣ್ಲಾ!"

ಮೊದಲ ಜಗಳಕ್ಕಿಂತ ಈ ಜಗಳ ಜೋರಾಯಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿ ಹೋದರು. ನನ್ನ ಜೀವ ನೀನು ಉಳಿಸಿದ್ದು ಎಂದು ಇಬ್ಬರು ನಡುವಯಸ್ಸಿನ ಗಂಡಸರು ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ಅವರು ಏನೆಂದು ತಿಳಿದರೋ.

ಜಯಮ್ಮ ಮುಚ್ಚಳ ತೆಗೆದಳು. ಮುದ್ದೆ ಇಟ್ಟಳು, ಸಾರು ಬಿಟ್ಟಳು. ಪಾತ್ರೆಯೊಳಗೆ ಸೌಟು ಆಡಿಸಿ ನಲ್ಲಿಮೂಳೆ ಹುಡುಕಿದಳು. ನಾನು ರೂಢಿಯ ಬಲದಿಂದ ತಟ್ಟೆ ಮುಂದಕ್ಕೆ ಸರಿಸಿದೆ. ಮೂಳೆ ನನ್ನನ್ನು ದಾಟಿ ಹೋಗಿ ಸಿಂಚನಳ ತಟ್ಟೆಗೆ ಬಿತ್ತು.

"ನೀನ್ ತಿನ್ನು ಮಗ. ಓಗ್ಬುಟ್ಟು ಬಾ. ಈ ಇಬ್ರ ಮಾತು ಕಟ್ಕಂಡು ನಿನ್ನ ಕಳ್ಸದೂ ದಡ್ಡತನ, ಹಿಡ್ಕಳದೂ ದಡ್ಡತನ. ಮಂಡಿ ಮ್ಯಾಕೆ ನೀರು ಬಂತೋ, ತಿರುಗ್ಬುಡು. ಅಷ್ಟೇಯ."

ಮನೆಗೆ ವಾಪಸ್ಸು ಬರುವಾಗ ನಾಲೆಯ ಪಕ್ಕ ಸ್ಕೂಟರು ನಿಲ್ಲಿಸಿ ಕೂತೆ. ನೀರು ಬಿಟ್ಟಿದ್ದರು. ಮಗುವಿನ ಸಲುವಾಗಿ ಒಂದು ಸುಳ್ಳು ಹೇಳಿದೆ, ಅಷ್ಟೇ ತಾನೆ ಎಂದು ಸಮಾಧಾನ ಮಾಡಿಕೊಂಡೆ. ಕಣ್ಣು ಮುಚ್ಚಿ ನನ್ನ ಹಳೆಯ ನೆನಪನ್ನು ಕರೆದೆ. ಬರಲಿಲ್ಲ. ಅದರ ಜಾಗದಲ್ಲಿ ಹಸಿರು ಅಂಚು ಬಂತು, ಮೂಗಿನೊಳಗೆ ಉಪ್ಪು ಬಂತು, ನಿಂಗರಾಜು ನನಗಿಂತ ಎತ್ತರದಲ್ಲಿ ನಿಂತಿದ್ದ. ಕಾಲಿಗೆ ನೆಲ ಸಿಕ್ಕವನು ತಾನೆ ಎತ್ತರದಲ್ಲಿ ಕಾಣುವುದು? ಬಾಯಿಂದ ಹೊರಬಿದ್ದ ಸುಳ್ಳು ಒಂದು ಮಧ್ಯಾಹ್ನದಲ್ಲೇ ನನ್ನೊಳಗೆ ಮನೆ ಮಾಡಿತ್ತು. ಅಥವಾ ಅದು ಮೊದಲಿನಿಂದ ಅಲ್ಲೇ ವಾಸವಿತ್ತೋ.

ಬಿಗಿದು ಹಿಡಿದ ಟವೆಲ್ಲಿಗೆ ಎರಡು ತುದಿ. ಎರಡು ಕಡೆಯೂ ಒಂದೇ ಬಿಗಿ. ನೀರಿನೊಳಗಿದ್ದವನಿಗೆ ತಾನು ಎಳೆಯುತ್ತಿದ್ದೇನೋ ಎಳೆಸಿಕೊಳ್ಳುತ್ತಿದ್ದೇನೋ ತಿಳಿಯುವುದಿಲ್ಲ, ಹಾಗಾಗಿ ಇಬ್ಬರೂ ಸರಿ. ಈ ವಿವರಣೆ ಹೊಳೆದಾಗ ಖುಷಿಯಾಯಿತು. ಮನೆ ತಲುಪುವಷ್ಟರಲ್ಲಿ ಅದರ ಮೇಲೂ ಅನುಮಾನ ಬಂತು. ನನ್ನಂಥವನು ಬರೆಯಲು ಅನುಕೂಲವಾಗಲಿ ಎಂದೇ ಮಾಡಿದ ಹಾಗಿದೆ ಅದು. ಒಬ್ಬ ಮುಳುಗುತ್ತಿದ್ದ, ಒಬ್ಬ ಎಳೆದ. ಯಾರು ಎಂಬುದು ಗೊತ್ತಿಲ್ಲ ಅಷ್ಟೆ.

ಪರೀಕ್ಷೆ ಮುಗಿಸಿ ಸಿಂಚನ ಹೊರಟಳು. ಬ್ಯಾಗನ್ನು ಕೊಡವದೆ ಹಾಗೇ ತುಂಬಿಕೊಂಡಳು. ಆ ಪುಡಿ ಈಗ ಯಾವ ಮರಳಿನ ಜೊತೆ ಬೆರೆತಿದೆಯೋ, ಇನ್ನು ನನ್ನ ಹೆಂಡತಿಯನ್ನು ಗೆಲ್ಲುವ ದಾರಿ ನನಗಿಲ್ಲ. ಜಯಮ್ಮ ಎರಡು ಟವೆಲ್ಲು ಇಟ್ಟಳು. ನಿಂಗರಾಜು ಕದ್ದು ಒಂದು ತೆಂಗಿನಕಾಯಿ ಇಟ್ಟ.

ಅವನ ರಜೆಯ ದಿನ ಬೆಳಿಗ್ಗೆ ನನ್ನನ್ನು ಕರೆಸಿಕೊಂಡ. ಕಾರಣ ಹೇಳಲಿಲ್ಲ. ಇಬ್ಬರೂ ಅವನ ಮನೆಯ ಜಗಲಿಯ ಮೇಲೆ ಕೂತೆವು. ಸಿಂಚನ ವಿಡಿಯೋ ಕಾಲ್ ಮಾಡಿದಳು. ಅಂಗೈಯಷ್ಟು ಸಮುದ್ರ ಅವನ ಮಂಡಿಯ ಮೇಲೆ ಅಲೆ ಬಡಿಯಿತು. ಹಿಂದೆ ದಡದ ಗುಡಿ ಕಂಡಿತು. ನನ್ನ ನೆನಪಿನ ಗುಡಿಗಿಂತ ಚಿಕ್ಕದು, ಸುತ್ತ ಬೇಲಿ.

"ಅಪ್ಪಾ, ಮಾವಾ, ಎಲ್ಲಿ ಮುಳುಗಿದ್ದು? ಜಾಗ ತೋರ್ಸಿ."

"ಅಗೋ, ಎಡಕ್ಕೆ" ಎಂದ ನಿಂಗರಾಜು.

"ಬಲಕ್ಕೆ ಕಣಮ್ಮ" ಎಂದೆ ನಾನು.

ಅವಳ ನಗು ಗಾಳಿಯಲ್ಲಿ ಹರಿದು ಹರಿದು ಬಂತು. ಫೋನನ್ನು ಗೆಳತಿಗೆ ಕೊಟ್ಟು ಬ್ಯಾಗಿನಿಂದ ಕಾಯಿ ತೆಗೆದಳು. ಎರಡೂ ಕೈಯಲ್ಲಿ ಹಿಡಿದು ಬೀಸಿ ಎಸೆದಳು. ನಾವು ಕಾದೆವು. ಒಂದು ಅಲೆ ಖಾಲಿ ಬಂತು. ಎರಡನೆಯದು ಕಾಯಿಯನ್ನು ಹೊತ್ತು ತಂದು, ಅವಳಿಂದ ನಾಲ್ಕು ಮಾರು ದೂರದಲ್ಲಿ ಹಿಡಿದುಕೊಂಡು ಆಡಿಸತೊಡಗಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಬುಡವ್ವ! ಬುಟ್ಬುಡು ಅದ್ನ!" ಎಂದು ನಿಂಗರಾಜು ಕೂಗಿದ. ನಾನೂ ಕೂಗಿದೆ. ಒಳಗಿಂದ ಜಯಮ್ಮ ಓಡಿ ಬಂದಳು.

ಸಿಂಚನ ಅಲ್ಲೇ ನಿಂತಳು. ನೀರು ಅವಳ ಮೀನಖಂಡಕ್ಕೆ ಬಂದು ಹಿಂದೆ ಸರಿಯಿತು. ಮುಂದಿನ ಅಲೆ ತಾನಾಗಿ ಕಾಯಿಯನ್ನು ಅವಳ ಕಾಲ ಬಳಿ ಇಟ್ಟಿತು. ಬಗ್ಗಿ ಎತ್ತಿಕೊಂಡು, ಚೂಡಿದಾರದ ತುದಿಯಲ್ಲಿ ಒರೆಸಿ, ಬ್ಯಾಗಿಗೆ ಹಾಕಿಕೊಂಡಳು.

"ಯಾಕ್ ಹಂಗೆ ಕಿರುಚ್ತೀರ? ದೇವರಿಗೆ ಕೊಟ್ಟಿದ್ದು ವಾಪಸ್ ಬಂದ್ರೆ ಪ್ರಸಾದ ಅಲ್ವಾ ಅಪ್ಪ? ಮಧ್ಯಾಹ್ನ ಒಡ್ಕೊಂಡು ತಿಂತೀವಿ."

ನಿಂಗರಾಜು ನನ್ನ ಕಡೆ ನೋಡಿದ, ನಾನು ಅವನ ಕಡೆ. ಇಷ್ಟು ಸುಲಭದ ಮಾತು ಆವತ್ತು ನಮ್ಮಿಬ್ಬರಲ್ಲಿ ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪರದೆ ಕಪ್ಪಾಯಿತು. ಜಯಮ್ಮ ನಿಟ್ಟುಸಿರು ಬಿಟ್ಟು ಒಳಗೆ ಹೊರಟವಳು ಬಾಗಿಲಲ್ಲಿ ನಿಂತು ನಮ್ಮ ಮಧ್ಯಕ್ಕೆ ಬೊಟ್ಟು ಮಾಡಿ, "ಬುಡ್ರಪ್ಪ ಇನ್ನಾದ್ರೂ" ಅಂದಳು.

ಆಗ ನೋಡಿಕೊಂಡೆವು. ಜಗಲಿಯ ಮೇಲೆ ಒಬ್ಬನ ಕೈ ಇನ್ನೊಬ್ಬನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿತ್ತು. ಹಿಡಿದಿದ್ದವನು ನಾನೋ ಅವನೋ ಎಂದು ಆ ಕ್ಷಣ ಸರಿಯಾಗಿ ನೋಡಿ ನೆನಪಿಟ್ಟುಕೊಂಡೆ. ಈಗ ಬರೆಯಲು ಕೂತರೆ ಅದೂ ಗೊತ್ತಾಗುತ್ತಿಲ್ಲ.